ಕಿರಮಂಜಿಯ ಎಳೆ: ಬೈಬಲಿನಲ್ಲಿ ಕೆಂಪು ವರ್ಣದ ಸಾಂಕೇತಿಕತೆ

ಸಾಹಿತ್ಯಕೃತಿಗಳಲ್ಲಿ ಬರುವ ವರ್ಣಗಳನ್ನು ವಿವೇಚಿಸುವಾಗ ನಾವು ಸಾಮಾನ್ಯವಾಗಿ ಒಂದು ಸಿದ್ಧಪಟ್ಟಿಯನ್ನು ಮುಂದಿಟ್ಟುಕೊಳ್ಳುತ್ತೇವೆ. ಬಿಳಿ ಎಂದರೆ ಪರಿಶುದ್ಧಿ, ಕಪ್ಪು ಎಂದರೆ ಶೋಕ, ಹಸಿರು ಎಂದರೆ ಸಮೃದ್ಧಿ ಎಂಬ ಈ ಪಟ್ಟಿಯಲ್ಲಿ, ಬೈಬಲಿನ ಸಂದರ್ಭ ಬಂದೊಡನೆ ಕೆಂಪಿನ ಎದುರಿಗೆ ‘ಪಾಪ’ ಎಂಬ ಮಾತು ತಾನಾಗಿಯೇ ಬಂದು ಕೂರುತ್ತದೆ. ಪಾಪವು ಕಡುಗೆಂಪಾಗಿದ್ದರೂ ಹಿಮದಂತೆ ಬೆಳ್ಳಗಾಗುವುದೆಂಬ ಯೆಶಾಯ ಪ್ರವಾದಿಯ ಪ್ರಸಿದ್ಧ ರೂಪಕವೇ ಇದಕ್ಕೆ ಕಾರಣ. ಆದರೆ ಅದೇ ಗ್ರಂಥದಲ್ಲಿ ದೇವದರ್ಶನದ ಗುಡಾರದ ಪರದೆಯೂ ಕೆಂಪು ನೂಲನ್ನು ಒಳಗೊಂಡಿದೆ. ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದ ಗುಣವತಿಯಾದ ಗೃಹಿಣಿಯ ಮನೆಮಂದಿ ತೊಟ್ಟಿರುವುದೂ ಕೆಂಪು ಬಟ್ಟೆಯನ್ನೇ. ಯೆರಿಕೋ ಪಟ್ಟಣ ನಾಶವಾದಾಗ ಒಂದು ಕುಟುಂಬವನ್ನು ಉಳಿಸಿದ್ದೂ ಕಿಟಕಿಗೆ ಕಟ್ಟಿದ ಕೆಂಪು ದಾರವೇ. ಇವೆಲ್ಲವನ್ನೂ ಒಂದೇ ಸಮೀಕರಣದಿಂದ ವಿವರಿಸಲಾಗದು. ಹಾಗಾದರೆ ಈ ವರ್ಣದ ಅರ್ಥವನ್ನು ನಿರ್ಧರಿಸುವುದು ಯಾವುದು? ಬಣ್ಣದ ಹಿಂದಿರುವ ವಸ್ತುವಿನಿಂದಲೇ ಆರಂಭಿಸಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಎರಡು ಬಗೆಯ ಕೆಂಪು

ಹೀಬ್ರೂ ಭಾಷೆಯಲ್ಲಿ ಕೆಂಪನ್ನು ಸೂಚಿಸುವ ಸಾಮಾನ್ಯ ಶಬ್ದ ‘ಆದೋಮ್’. ಇದು ಪ್ರಕೃತಿಯಲ್ಲಿ ಕಾಣುವ ಕೆಂಪು. ಹಸು, ಕುದುರೆ, ಬೇಳೆಯ ಅಡುಗೆ, ಮನುಷ್ಯನ ಮೈಬಣ್ಣ ಮೊದಲಾದವುಗಳಿಗೆ ಈ ಧಾತುವಿನ ರೂಪಗಳು ಬಳಕೆಯಾಗುತ್ತವೆ. ‘ದಾಮ್’ ಎಂದರೆ ರಕ್ತ, ‘ಅದಾಮಾ’ ಎಂದರೆ ಮಣ್ಣು, ‘ಆದಾಮ್’ ಎಂದರೆ ಮನುಷ್ಯ. ಈ ಶಬ್ದಗಳ ವ್ಯುತ್ಪತ್ತಿಸಂಬಂಧ ಚರ್ಚಾಸ್ಪದವಾದರೂ ಇವುಗಳ ಧ್ವನಿಸಾಮ್ಯವನ್ನು ಬೈಬಲಿನ ಕಥನಕಾರರು ಬಲ್ಲರು. ಆದಿಕಾಂಡದ 25ನೆಯ ಅಧ್ಯಾಯದಲ್ಲಿ ಏಸಾವನು ಕೆಂಪಗೆ ಹುಟ್ಟುತ್ತಾನೆ, ಹಸಿದು ಬಂದು ‘ಆ ಕೆಂಪನೆಯದನ್ನು’ ಕೇಳಿ ತನ್ನ ಜ್ಯೇಷ್ಠತ್ವದ ಹಕ್ಕನ್ನು ಮಾರಿಕೊಳ್ಳುತ್ತಾನೆ, ಆ ಕಾರಣದಿಂದಲೇ ಎದೋಮ್ ಎಂಬ ಹೆಸರನ್ನು ಪಡೆಯುತ್ತಾನೆ. ಇಲ್ಲಿ ಕೆಂಪು ಹಸಿವಿನ, ದೇಹದ, ಮಣ್ಣಿನ ಬಣ್ಣ.

ಇದಕ್ಕಿಂತ ಭಿನ್ನವಾದುದು ‘ಶಾನೀ’ ಅಥವಾ ‘ತೋಲಅತ್ ಶಾನೀ’ ಎಂಬ ಕೆಂಪು. ಇದು ಮನುಷ್ಯನು ನೂಲಿಗೆ ಏರಿಸಿದ ಬಣ್ಣ. ‘ತೋಲಅತ್’ ಎಂಬುದರ ನೇರ ಅರ್ಥ ಹುಳು. ವಿಮೋಚನಕಾಂಡದಲ್ಲಿ ಮರುದಿನಕ್ಕೆ ಉಳಿಸಿಕೊಂಡ ಮನ್ನದಲ್ಲಿ ಬಿದ್ದ ಹುಳುವಿಗೂ, ಯೋನನಿಗೆ ನೆರಳು ಕೊಟ್ಟ ಗಿಡವನ್ನು ಕೊರೆದ ಹುಳುವಿಗೂ ಇದೇ ಶಬ್ದ. ಆದ್ದರಿಂದ ‘ತೋಲಅತ್ ಶಾನೀ’ ಎಂದರೆ ‘ಹುಳುವಿನ ಕಡುಗೆಂಪು’ ಎಂದಾಯಿತು. ‘ಕೆಂಪು’ ಎಂದಷ್ಟೇ ಅನುವಾದಿಸಿದಾಗ ಹುಳುವೂ ನೂಲೂ ಎರಡೂ ಮರೆಯಾಗುತ್ತವೆ.

2. ಹುಳು ಮತ್ತು ಬಣ್ಣ

ಮೆಡಿಟರೇನಿಯನ್ ಪ್ರದೇಶದ ಓಕ್ ಮರಗಳ ಮೇಲೆ ಕೆರ್ಮಿಸ್ ಎಂಬ ಶಲ್ಕಕೀಟ ಬದುಕುತ್ತದೆ. ರೆಕ್ಕೆಯಿಲ್ಲದ ಹೆಣ್ಣುಹುಳು ಕೊಂಬೆಗೆ ಅಂಟಿಕೊಂಡು ರಸ ಹೀರುತ್ತ ಬಟಾಣಿ ಕಾಳಿನಂತೆ ಉಬ್ಬುತ್ತದೆ. ಮೊಟ್ಟೆಗಳಿಂದ ತುಂಬಿದ ಈ ಹೆಣ್ಣುಹುಳುಗಳನ್ನು ಕೈಯಿಂದ ಬಿಡಿಸಿ, ಒಣಗಿಸಿ, ಪುಡಿಮಾಡಿ ಬಣ್ಣ ತೆಗೆಯುತ್ತಿದ್ದರು. ಪಟಿಕದ ನೆರವಿನಿಂದ ಈ ಬಣ್ಣ ಉಣ್ಣೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸ್ವಲ್ಪ ಬಣ್ಣಕ್ಕೂ ಅಸಂಖ್ಯ ಹುಳುಗಳು ಬೇಕಾಗುತ್ತಿದ್ದುದರಿಂದ ಇದು ದುಬಾರಿಯಾಗಿತ್ತು. ಹುಳುವು ಕಾಳಿನಂತೆ ಕಾಣುತ್ತಿದ್ದುದರಿಂದ ಗ್ರೀಕರು ಇದನ್ನು ‘ಕೊಕ್ಕೊಸ್’, ಅಂದರೆ ಕಾಳು ಅಥವಾ ಹಣ್ಣು, ಎಂದು ಕರೆದರು. ಹೊಸ ಒಡಂಬಡಿಕೆಯ ‘ಕೊಕ್ಕಿನೊಸ್’ ಎಂಬ ವರ್ಣವಾಚಕ ಬಂದುದು ಇದರಿಂದಲೇ.

ಈ ಬಣ್ಣದ ಪ್ರಾಚೀನತೆಗೆ ಈಗ ಪ್ರತ್ಯಕ್ಷ ಸಾಕ್ಷ್ಯವೂ ದೊರೆತಿದೆ. ಯೂದಾಯದ ಮರುಭೂಮಿಯ ಗುಹೆಯೊಂದರಲ್ಲಿ ಸಿಕ್ಕಿದ, ಎರಡು ಸೆಂಟಿಮೀಟರನ್ನೂ ಮೀರದ ಬಟ್ಟೆಯ ತುಣುಕೊಂದು ಸುಮಾರು 3800 ವರ್ಷಗಳಷ್ಟು ಹಳೆಯದೆಂದೂ ಅದರ ಕೆಂಪು ಕೆರ್ಮಿಸ್ ಹುಳುವಿನದೆಂದೂ ರಾಸಾಯನಿಕ ವಿಶ್ಲೇಷಣೆಯಿಂದ ತಿಳಿದುಬಂದ ಸಂಗತಿ 2024ರಲ್ಲಿ ಪ್ರಕಟವಾಯಿತು.

ಭಾಷಾವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೊಂದು ಕುತೂಹಲದ ಸಂಗತಿಯಿದೆ. ಸಾಮಾನ್ಯವಾಗಿ ಪರ್ಷಿಯನ್ನರ ಆಳ್ವಿಕೆಯ ಕಾಲದ್ದೆಂದು ಭಾವಿಸಲಾಗುವ ಪೂರ್ವಕಾಲವೃತ್ತಾಂತದ ಎರಡನೆಯ ಭಾಗದಲ್ಲಿ, ದೇವಾಲಯದ ಪರದೆಯನ್ನು ವರ್ಣಿಸುವಾಗ ‘ಶಾನೀ’ ಎಂಬ ಹಳೆಯ ಶಬ್ದಕ್ಕೆ ಬದಲಾಗಿ ‘ಕರ್ಮೀಲ್’ ಎಂಬ ಶಬ್ದ ಬರುತ್ತದೆ. ಇದು ಹುಳು ಎಂಬ ಅರ್ಥದ ‘ಕಿರ್ಮ್’ ಎಂಬ ಪಾರಸಿ ಶಬ್ದಕ್ಕೆ ಸಂಬಂಧಿಸಿದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಭಾವಿಸುತ್ತಾರೆ. ‘ಕಿರ್ಮ್’ ಸಂಸ್ಕೃತದ ‘ಕೃಮಿ’ಗೆ ಸೋದರಶಬ್ದ. ಅರಬ್ಬಿಯ ‘ಕಿರ್ಮಿಜ್’ ಇದೇ ಬಳಗದ್ದು. ಅದೇ ದಾರಿಯಲ್ಲಿ ಬಂದ ‘ಕಿರಮಂಜಿ’ ನಮ್ಮ ಕನ್ನಡದಲ್ಲಿದೆ. ಮುಂಬಯಿ, ಪುಣೆಗಳ ಕನ್ನಡಿಗರು ನಿತ್ಯ ಕೇಳುವ ಮರಾಠಿಯಲ್ಲಿ ‘ಕಿರಮಿಜೀ’ ಇದೆ. ಹುಳುವಿನಿಂದ ಬಣ್ಣಕ್ಕೆ ಹೆಸರು ಬರುವ ಕ್ರಮ ಹೀಬ್ರೂವಿನಲ್ಲೂ ನಮ್ಮಲ್ಲೂ ಒಂದೇ. ಬೈಬಲಿನ ಈ ಕೆಂಪನ್ನು ಕನ್ನಡದಲ್ಲಿ ಹೇಳಬೇಕಾದರೆ ‘ಕಿರಮಂಜಿ’ಗಿಂತ ಸಮೀಪದ ಶಬ್ದ ದೊರೆಯಲಾರದು.

3. ಸಿರಿಯ ಬಣ್ಣ, ಗುರುತಿನ ಎಳೆ

ದುಬಾರಿಯಾದುದು ಗೌರವದ ಚಿಹ್ನೆಯಾಗುವುದು ಸಹಜ. ಗುಡಾರದ ಪರದೆಗೂ ಮಹಾಯಾಜಕನ ಉಡುಪಿಗೂ ನೀಲಿ ಮತ್ತು ಧೂಮ್ರವರ್ಣದ ನೂಲಿನೊಡನೆ ಕಿರಮಂಜಿಯ ನೂಲೂ ಸೇರುತ್ತದೆ. ಸೌಲನು ಮಡಿದಾಗ ದಾವೀದನು ಹಾಡಿದ ಶೋಕಗೀತದಲ್ಲಿ, ಇಸ್ರಾಯೇಲಿನ ಸ್ತ್ರೀಯರಿಗೆ ಈ ಬಣ್ಣದ ವಸ್ತ್ರಗಳನ್ನು ತೊಡಿಸಿದವನೆಂದು ಸೌಲನು ಸ್ಮರಿಸಲ್ಪಡುತ್ತಾನೆ. ಸಮೃದ್ಧಿಯ ಈ ಗುರುತೇ ಪತನದ ಅಳತೆಗೋಲೂ ಆಗುತ್ತದೆ. ಯೆರೂಸಲೇಮಿನ ನಾಶವನ್ನು ಕುರಿತ ಪ್ರಲಾಪಗಳ ಗ್ರಂಥದಲ್ಲಿ, ಕಿರಮಂಜಿಯ ಮೇಲೆ ಬೆಳೆದವರು ತಿಪ್ಪೆಗಳನ್ನು ತಬ್ಬಿಕೊಳ್ಳುವ ಚಿತ್ರವಿದೆ.

ಎದ್ದು ಕಾಣುವ ಬಣ್ಣವಾದುದರಿಂದ ಇದು ಗುರುತಿನ ಎಳೆಯೂ ಆಯಿತು. ತಾಮಾರಳ ಅವಳಿಮಕ್ಕಳಲ್ಲಿ ಮೊದಲು ಕೈಚಾಚಿದ ಜೆರಹನ ಕೈಗೆ ಸೂಲಗಿತ್ತಿ ಕೆಂಪು ನೂಲನ್ನು ಕಟ್ಟುತ್ತಾಳೆ. ಆದರೆ ಆ ಕೈ ಒಳಕ್ಕೆ ಸರಿದು ಪೆರೆಚನೇ ಮೊದಲು ಹೊರಬರುತ್ತಾನೆ. ದಾವೀದನ ವಂಶ ಮುಂದುವರಿಯುವುದು ಪೆರೆಚನಿಂದ. ಮನುಷ್ಯನು ಕಟ್ಟಿದ ಗುರುತನ್ನು ಕಥೆ ಇಲ್ಲಿ ಮೆಲ್ಲನೆ ಪಕ್ಕಕ್ಕಿಡುತ್ತದೆ. ಯೆರಿಕೋವಿನ ವೇಶ್ಯೆ ರಾಹಾಬಳ ಕಥೆಯಲ್ಲಾದರೋ ಗುರುತು ಫಲಿಸುತ್ತದೆ. ಗೂಢಚಾರರಿಗೆ ಆಶ್ರಯ ಕೊಟ್ಟ ಆಕೆ ಕಿಟಕಿಗೆ ಕಟ್ಟಿದ ಕಿರಮಂಜಿ ದಾರವನ್ನು ಸೂಚಿಸಲು ಹೀಬ್ರೂವಿನಲ್ಲಿ ‘ತಿಕ್ವಾ’ ಎಂಬ ಶಬ್ದವಿದೆ. ‘ನಿರೀಕ್ಷೆ’ ಎಂಬ ಅರ್ಥದ ಶಬ್ದದ ರೂಪವೂ ಇದೇ. ಮೊದಲನೆಯ ಶತಮಾನದ ಕೊನೆಯ ವೇಳೆಗೆ ರೋಮಿನ ಕ್ಲೆಮೆಂಟನು ಈ ದಾರವನ್ನು ಕ್ರಿಸ್ತನ ರಕ್ತದ ಮುನ್ಸೂಚನೆಯೆಂದು ವ್ಯಾಖ್ಯಾನಿಸಿದನು. ಮೂಲಕಥೆಯ ಅರ್ಥವನ್ನೂ ಅನಂತರದ ಶ್ರದ್ಧೆಯ ಅರ್ಥವನ್ನೂ ಬೇರೆಬೇರೆಯಾಗಿಯೇ ಗುರುತಿಸಿ ಎರಡಕ್ಕೂ ಗೌರವ ಸಲ್ಲಿಸುವುದು ಅಧ್ಯಯನಕಾರನ ಕರ್ತವ್ಯ.

ಇಂಥ ಎಚ್ಚರ ಇನ್ನೊಂದೆಡೆಯಲ್ಲೂ ಅಗತ್ಯ. 22ನೆಯ ಕೀರ್ತನೆಯಲ್ಲಿ ನೊಂದವನು ತನ್ನನ್ನು ಹುಳುವೆಂದು ಕರೆದುಕೊಳ್ಳುವಲ್ಲಿ ‘ತೋಲಅತ್’ ಇದೆ. ಇದನ್ನು ಹಿಡಿದು, ಮರಕ್ಕಂಟಿ ಮರಿಗಳಿಗಾಗಿ ಸಾಯುವ ಕೆಂಪುಹುಳುವಿಗೂ ಶಿಲುಬೆಗೂ ಹೋಲಿಕೆ ಕಲ್ಪಿಸುವ ಪ್ರವಚನಗಳುಂಟು. ಭಕ್ತಿಯ ವಿಸ್ತರಣೆಯಾಗಿ ಇದು ಹೃದ್ಯವಾಗಬಹುದು. ಆದರೆ ಕೀರ್ತನೆಯ ಸಂದರ್ಭದಲ್ಲಿ ಆ ಶಬ್ದ ಸೂಚಿಸುವುದು ತುಳಿತಕ್ಕೊಳಗಾದವನ ಕ್ಷುದ್ರತೆಯನ್ನೇ ಹೊರತು ಬಣ್ಣವನ್ನಲ್ಲ.

4. ಶುದ್ಧಿಯ ಕೆಂಪು, ಕಲೆಯ ಕೆಂಪು

ಸಿದ್ಧಸಮೀಕರಣವನ್ನು ಪೂರ್ಣವಾಗಿ ಒಡೆಯುವುದು ಶುದ್ಧೀಕರಣದ ವಿಧಿಗಳು. ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಕುಷ್ಠದಿಂದ ಗುಣವಾದವನ ಶುದ್ಧಿಗೆ ದೇವದಾರು, ಹಿಸ್ಸೋಪು ಗಿಡ ಮತ್ತು ಕಿರಮಂಜಿಯ ನೂಲು ಬೇಕು. ಅರಣ್ಯಕಾಂಡದ 19ನೆಯ ಅಧ್ಯಾಯದಲ್ಲಿ ಇದೇ ಮೂರನ್ನು ಕಳಂಕವಿಲ್ಲದ ಕೆಂಪು ಹಸುವಿನೊಡನೆ ಸುಡಲಾಗುತ್ತದೆ. ಆ ಬೂದಿಯ ನೀರು ಶವಸ್ಪರ್ಶದ ಅಶುದ್ಧಿಯನ್ನು ಕಳೆಯುತ್ತದೆ. ವಿಚಿತ್ರವೆಂದರೆ ಹಸುವನ್ನು ಸುಟ್ಟವನು ಸಾಯಂಕಾಲದವರೆಗೆ ಅಶುದ್ಧನಾಗುತ್ತಾನೆ. ಕೆಂಪು ಇಲ್ಲಿ ರಕ್ತದ, ಅಂದರೆ ಪ್ರಾಣದ, ಬಣ್ಣ. ಪ್ರಾಣದ ಬಣ್ಣವಾಗಿರುವುದರಿಂದಲೇ ಅದು ಸಾವಿನ ಸೋಂಕನ್ನು ತೊಳೆಯಬಲ್ಲದೆಂದು ಈ ವಿಧಿಯನ್ನು ಅರ್ಥೈಸಬಹುದು.

ಈ ಹಿನ್ನೆಲೆಯಲ್ಲಿ ಯೆಶಾಯನ ಮೊದಲ ಅಧ್ಯಾಯವನ್ನು ಓದಬೇಕು. ಹದಿನೆಂಟನೆಯ ವಚನವನ್ನು ಬಿಡಿಯಾಗಿ ಉಲ್ಲೇಖಿಸುವವರು ಅದರ ಹಿಂದಿನ ಮೂರು ವಚನಗಳನ್ನು ಮರೆಯುತ್ತಾರೆ. ಅಲ್ಲಿ ಪ್ರವಾದಿಯು ತನ್ನ ಜನರ ಕೈಗಳು ರಕ್ತದಿಂದ ತುಂಬಿವೆ ಎನ್ನುತ್ತಾನೆ, ತೊಳೆದುಕೊಳ್ಳಿರಿ ಎನ್ನುತ್ತಾನೆ, ತೊಳೆಯುವ ಬಗೆ ಯಾವುದೆಂದರೆ ನ್ಯಾಯವನ್ನು ಅರಸುವುದು, ಅನಾಥನ ಪರವಾಗಿ ನಿಲ್ಲುವುದು, ವಿಧವೆಗಾಗಿ ವಾದಿಸುವುದು. ಆದ್ದರಿಂದ ಇಲ್ಲಿಯ ಕಿರಮಂಜಿ ಅಮೂರ್ತ ಪಾಪದ ಬಣ್ಣವಲ್ಲ, ಕೈಗೆ ಮೆತ್ತಿದ ರಕ್ತದ ಬಣ್ಣ. ಬಣ್ಣಗಾರನ ಅನುಭವವೂ ಇಲ್ಲಿ ಕೆಲಸ ಮಾಡುತ್ತದೆ. ಪಟಿಕ ಕೂಡಿಸಿ ಉಣ್ಣೆಗೆ ಏರಿಸಿದ ಈ ಬಣ್ಣ ಒಗೆದರೆ ಹೋಗುವಂಥದ್ದಲ್ಲ. ಅಂಥದು ಬಣ್ಣವೇರದ ಉಣ್ಣೆಯಂತೆ ಬೆಳ್ಳಗಾಗುವುದೆಂದರೆ ಅಸಾಧ್ಯವೊಂದು ಸಾಧ್ಯವಾದಂತೆ. ಹಿಮದ ಹೋಲಿಕೆಯ ಬೆನ್ನಿಗೇ ಪ್ರವಾದಿಯು ಉಣ್ಣೆಯ ಹೋಲಿಕೆಯನ್ನು ತಂದುದರ ಔಚಿತ್ಯ ಇದೇ. ಮುಂದೆ ಯೆಹೂದ್ಯರ ಮಿಷ್ನಾದಲ್ಲಿ, ಪ್ರಾಯಶ್ಚಿತ್ತದ ದಿನ ಮರುಭೂಮಿಗೆ ಅಟ್ಟಿದ ಹೋತ ತನ್ನ ನೆಲೆ ಸೇರಿದಾಗ ದೇವಾಲಯದ ಕಿರಮಂಜಿಯ ಎಳೆ ಬೆಳ್ಳಗಾಗುತ್ತಿತ್ತೆಂಬ ಪರಂಪರೆ ದಾಖಲಾಗಿದೆ. ರೂಪಕವು ಆಚರಣೆಯೊಳಗೆ ಇಳಿದುದಕ್ಕೆ ಇದೊಂದು ನಿದರ್ಶನ.

5. ಹೊಸ ಒಡಂಬಡಿಕೆಯಲ್ಲಿ

ಯೇಸುವನ್ನು ಪರಿಹಾಸ್ಯ ಮಾಡಲು ಸೈನಿಕರು ತೊಡಿಸಿದ ವಸ್ತ್ರ ಮಾರ್ಕ ಮತ್ತು ಯೋಹಾನರ ಸುವಾರ್ತೆಗಳಲ್ಲಿ ಧೂಮ್ರವರ್ಣದ್ದು. ಮತ್ತಾಯನ ಸುವಾರ್ತೆಯಲ್ಲಿ ಕಿರಮಂಜಿ ಬಣ್ಣದ ಮೇಲಂಗಿ. ಧೂಮ್ರವರ್ಣ ಸಮುದ್ರದ ಶಂಖದ ಹುಳುವಿನಿಂದ ಬರುವ, ಅರಸರಿಗೆ ಸಲ್ಲುವ ಬಣ್ಣ. ಮತ್ತಾಯನು ಬಳಸುವ ಶಬ್ದ ಸೈನಿಕರ ಮೇಲಂಗಿಗೂ ಸಲ್ಲುತ್ತದೆ. ಕೈಗೆ ಸಿಕ್ಕ ಸೈನಿಕನ ಅಂಗಿಯನ್ನೇ ರಾಜವಸ್ತ್ರವೆಂದು ಹೊದಿಸಿದರೆಂಬ ಚಿತ್ರ ಇದರಿಂದ ಮೂಡುತ್ತದೆ. ಪ್ರಕಟನೆಯ ಗ್ರಂಥದ 17 ಮತ್ತು 18ನೆಯ ಅಧ್ಯಾಯಗಳಲ್ಲಿ ಧೂಮ್ರವರ್ಣ ಮತ್ತು ಕಿರಮಂಜಿಯನ್ನುಟ್ಟ ಬಾಬೆಲೆಂಬ ಸ್ತ್ರೀ ಸಂತರ ರಕ್ತದಿಂದ ಮತ್ತಳಾಗಿದ್ದಾಳೆ. ಅವಳ ಪತನಕ್ಕೆ ಅಳುವ ವರ್ತಕರ ಸರಕಿನ ಪಟ್ಟಿಯಲ್ಲಿ ಕಿರಮಂಜಿ ಬಟ್ಟೆಯೂ ಇದೆ, ಕೊನೆಗೆ ಮನುಷ್ಯರೂ ಇದ್ದಾರೆ. ಸಿರಿಯ ಕೆಂಪೂ ರಕ್ತದ ಕೆಂಪೂ ಒಂದೇ ಉಡುಪಿನಲ್ಲಿ ಕೂಡುವುದರಿಂದ ಸಾಮ್ರಾಜ್ಯದ ವೈಭವದ ಬೆಲೆಯನ್ನು ಯಾರು ತೆತ್ತರೆಂಬ ಪ್ರಶ್ನೆ ಎದ್ದುನಿಲ್ಲುತ್ತದೆ.

6. ಕನ್ನಡದ ಓದುಗ

ಕನ್ನಡದ ಓದುಗನಿಗೆ ಕೆಂಪು ಮೊದಲಿಗೆ ಮಂಗಳದ ಬಣ್ಣ, ಕುಂಕುಮದ ಬಣ್ಣ. ಪಾಪಕ್ಕೆ, ಅಪಕೀರ್ತಿಗೆ ನಮ್ಮ ಕಾವ್ಯಪರಂಪರೆ ಕೊಟ್ಟಿರುವ ಬಣ್ಣ ಕಪ್ಪು. ಆದ್ದರಿಂದ ಯೆಶಾಯನ ರೂಪಕ ಅವನನ್ನು ಕ್ಷಣಕಾಲ ತಡೆಯುತ್ತದೆ. ಆ ತಡೆಯನ್ನು ‘ಬೈಬಲಿನಲ್ಲಿ ಕೆಂಪೆಂದರೆ ಪಾಪ’ ಎಂಬ ಅಡಿಟಿಪ್ಪಣಿಯಿಂದ ನಿವಾರಿಸಿಬಿಟ್ಟರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಮುತ್ತುಗ, ಬೋರೆ ಮರಗಳ ಕೊಂಬೆಗಂಟಿದ ಅರಗಿನ ಹುಳುವಿನಿಂದ ಲಾಕ್ಷಾರಸವನ್ನು ತೆಗೆದು ಪಾದಗಳಿಗೆ ಹಚ್ಚಿದ ನಾಡಿಗೆ, ಹುಳುವಿನಿಂದ ಬರುವ ಕೆಂಪು ಅಪರಿಚಿತವಲ್ಲ. ಆ ಪರಿಚಯದ ಮೂಲಕವೇ ಒಳಹೊಕ್ಕರೆ ಒಂದೇ ಬಣ್ಣ ಗುಡಾರದ ಪರದೆಯೂ, ಬದುಕುಳಿದವಳ ದಾರವೂ, ಕೊಲೆಗಾರನ ಕೈಯೂ ಆಗಬಲ್ಲುದೆಂಬುದು ತಿಳಿಯುತ್ತದೆ.

ಬಣ್ಣಕ್ಕೆ ತನ್ನಷ್ಟಕ್ಕೆ ತಾನೇ ಅರ್ಥವಿಲ್ಲ. ಅದು ಎಲ್ಲಿಂದ ಬಂತು, ಎಷ್ಟು ಬೆಲೆಗೆ ಬಂತು, ಯಾರ ಮೈಮೇಲಿದೆ, ತೊಳೆದರೆ ಹೋಗುವುದೇ ಎಂಬ ಪ್ರಶ್ನೆಗಳೇ ಅದಕ್ಕೆ ಅರ್ಥವನ್ನು ಕೊಡುತ್ತವೆ. ಬೈಬಲಿನ ಕೆಂಪನ್ನು ಕುರಿತು ಬರೆಯಹೊರಡುವ ವಿದ್ಯಾರ್ಥಿ ಪಟ್ಟಿಯನ್ನು ಬದಿಗಿಟ್ಟು ಈ ಪ್ರಶ್ನೆಗಳಿಂದ ತೊಡಗುವುದು ಯುಕ್ತವೆಂದು ತೋರುತ್ತದೆ.