ಸ್ಟೀರಿಂಗ್ ಪಕ್ಕದ ಕಡ್ಡಿ ಏನು ಮಾಡುತ್ತದೆ?

ವಿದ್ಯಾರ್ಥಿಗಳೇ, ಕಾರು ಓಡಿಸುವವರ ಕೈಯನ್ನು ಒಮ್ಮೆ ಗಮನಿಸಿ. ಸ್ಟೀರಿಂಗ್ ಚಕ್ರದ ಹಿಂದೆ, ಎಡಕ್ಕೂ ಬಲಕ್ಕೂ ಚಾಚಿಕೊಂಡ ಎರಡು ಕಡ್ಡಿಗಳಿರುತ್ತವೆ. ಒಂದು ಇಂಡಿಕೇಟರ್ ಮತ್ತು ಹೆಡ್‌ಲೈಟಿಗೆ, ಇನ್ನೊಂದು ವೈಪರಿಗೆ. ಕೈ ಚಕ್ರ ಬಿಡಬಾರದು, ಕಣ್ಣು ರಸ್ತೆ ಬಿಡಬಾರದು ಅಂತಲೇ ಅವನ್ನು ಅಲ್ಲಿ ಇಟ್ಟಿದ್ದಾರೆ. "ಅದೊಂದು ಸ್ವಿಚ್ಚು, ಅಷ್ಟೇ ಅಲ್ವಾ?" ಎಂದು ನೀವು ಕೇಳಬಹುದು. ಸ್ವಿಚ್ಚೇ ನಿಜ. ಆದರೆ ಇಂದಿನ ಬಹಳಷ್ಟು ಕಾರುಗಳಲ್ಲಿ ದೀಪದ ಕರೆಂಟು ಆ ಕಡ್ಡಿಯ ಮೂಲಕ ಹರಿಯುವುದೇ ಇಲ್ಲ!

ಮೊದಲು ಒಂದು ಲೆಕ್ಕ. ಕಾರಿನ ಬ್ಯಾಟರಿ 12 ವೋಲ್ಟ್. 60 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬುಗಳಿದ್ದರೆ ಒಟ್ಟು 120 ವ್ಯಾಟ್. 120ನ್ನು 12ರಿಂದ ಭಾಗಿಸಿ: 10 ಆಂಪಿಯರ್. ಇಷ್ಟು ಕರೆಂಟು ಹರಿಯಲು ದಪ್ಪ ತಂತಿ ಬೇಕು. ಅಲ್ಲದೆ ಸ್ವಿಚ್ ಆಫ್ ಮಾಡಿದಾಗೆಲ್ಲ ಒಳಗೆ ಸಣ್ಣ ಕಿಡಿ ಹಾರಿ, ಲೋಹದ ತುದಿಗಳು ಸುಟ್ಟು ಕಪ್ಪಾಗುತ್ತವೆ. ಇದಕ್ಕೆ ಹಳೆಯ ಪರಿಹಾರ ರಿಲೇ. ಕಡ್ಡಿಯಿಂದ ಬಂದ ಸಣ್ಣ ಕರೆಂಟು ಒಂದು ವಿದ್ಯುತ್ಕಾಂತವನ್ನು ಎಬ್ಬಿಸುತ್ತದೆ. ಆ ಕಾಂತ ದೊಡ್ಡ ಸ್ವಿಚ್ಚನ್ನು ಎಳೆದು ಮುಚ್ಚುತ್ತದೆ. ಪಾಠದಲ್ಲಿ ಕಬ್ಬಿಣದ ಮೊಳೆಗೆ ತಂತಿ ಸುತ್ತಿ ಮಾಡಿದ ಪ್ರಯೋಗವೇ ಇದು.

ಈಗ ರಿಲೇ ಜೊತೆಗೆ ಒಂದು ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆಯೂ ಬಂದಿದೆ. ಕಡ್ಡಿ ಅದಕ್ಕೆ "ಎಡ ಇಂಡಿಕೇಟರ್ ಬೇಕಂತೆ" ಎಂದು ಸುದ್ದಿ ಮುಟ್ಟಿಸುತ್ತದೆ. ದೀಪ ಹೊತ್ತಿಸುವುದು, ನಿಮಿಷಕ್ಕೆ 60ರಿಂದ 120 ಸಲದ ನಡುವೆ ಮಿನುಗಿಸುವುದು, ಎಲ್ಲವೂ ಪೆಟ್ಟಿಗೆಯ ಕೆಲಸ. ಬಲ್ಬಿಗೆ ಹೋಗುವ ಕರೆಂಟನ್ನೂ ಅದು ಅಳೆಯುತ್ತಿರುತ್ತದೆ. ಒಂದು ಬಲ್ಬು ಸುಟ್ಟರೆ ಕರೆಂಟು ಇಳಿಯುತ್ತದೆ. ಆಗ ಹಲವು ವಾಹನಗಳಲ್ಲಿ ಟಿಕ್ ಟಿಕ್ ಸದ್ದು ಒಮ್ಮೆಲೇ ಜೋರಾಗಿ ಓಡತೊಡಗುತ್ತದೆ. ಅದು ಚಾಲಕರಿಗೆ ಎಚ್ಚರಿಕೆ.

ಚಕ್ರದ ಮೇಲೇ ಇರುವ ಗುಂಡಿಗಳ ಕಥೆ ಇನ್ನೂ ಸ್ವಾರಸ್ಯ. ಚಕ್ರ ತಿರುಗುತ್ತಲೇ ಇರುತ್ತದಲ್ಲ, ತಂತಿ ತುಂಡಾಗುವುದಿಲ್ಲವೇ? ಅದಕ್ಕಾಗಿ ಚಪ್ಪಟೆ ಪಟ್ಟಿಯಂಥ ತಂತಿಯನ್ನು ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿರುತ್ತಾರೆ. ಚಕ್ರ ತಿರುಗಿದಂತೆ ಸುರುಳಿ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಹಾರ್ನ್ ಮತ್ತು ಚಾಲಕರ ಏರ್‌ಬ್ಯಾಗಿನ ತಂತಿಗಳೂ ಇದರಲ್ಲೇ ಹೋಗುತ್ತವೆ. ಆದ್ದರಿಂದ ತಂತಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಹಾಗಾದ್ರೆ ಎರಡೇ ತಂತಿಯಲ್ಲಿ ಹಲವು ಗುಂಡಿಗಳನ್ನು ಗುರುತಿಸುವುದು ಹೇಗೆ? ಓಮನ ನಿಯಮ ಬಳಸಿ. ಪೆಟ್ಟಿಗೆಯೊಳಗೆ 5 ವೋಲ್ಟ್ ಮತ್ತು 1000 ಓಮ್‌ನ ಒಂದು ರೋಧಕ ಇದೆ ಎನ್ನೋಣ. ಒಂದು ಗುಂಡಿಗೆ 1000 ಓಮ್, ಇನ್ನೊಂದಕ್ಕೆ 250 ಓಮ್ ಜೋಡಿಸಿ. ಮೊದಲನೆಯದನ್ನು ಒತ್ತಿದರೆ ಪೆಟ್ಟಿಗೆಗೆ 2.5 ವೋಲ್ಟ್ ಕಾಣುತ್ತದೆ, ಎರಡನೆಯದಕ್ಕೆ 1 ವೋಲ್ಟ್. ಏನೂ ಒತ್ತದಿದ್ದರೆ 5 ವೋಲ್ಟ್. ವೋಲ್ಟೇಜು ನೋಡಿಯೇ ಯಾವ ಗುಂಡಿ ಅಂತ ಗೊತ್ತಾಗುತ್ತದೆ. ಲೆಕ್ಕವನ್ನು ನೀವೇ ಮಾಡಿ ನೋಡಿ.

ಕಾರಿನಲ್ಲಿ ಇಂಥ ಪೆಟ್ಟಿಗೆಗಳು ಹಲವಿವೆ. ಅವು ತಮ್ಮೊಳಗೆ ಮಾತಾಡಲು 'ಕ್ಯಾನ್' ಎಂಬ ವ್ಯವಸ್ಥೆ ಬಳಸುತ್ತವೆ. ಜರ್ಮನಿಯ ಬಾಷ್ ಕಂಪನಿ ಇದನ್ನು 1986ರಲ್ಲಿ ಪರಿಚಯಿಸಿತು. ಇದರಲ್ಲಿ ಹೆಣೆದುಕೊಂಡ ಎರಡು ತಂತಿಗಳಿರುತ್ತವೆ. ಸುಮ್ಮನಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್. ಸಂಕೇತ ಬಂದಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ವ್ಯತ್ಯಾಸ 2 ವೋಲ್ಟ್. ಎಂಜಿನ್ನಿನ ಗದ್ದಲದಿಂದ ಎರಡಕ್ಕೂ 1 ವೋಲ್ಟ್ ಸೇರಿಕೊಂಡರೂ 4.5ರಲ್ಲಿ 2.5 ಕಳೆದರೆ ಉಳಿಯುವುದು ಅದೇ 2. ಸಂದೇಶ ಕೆಡುವುದಿಲ್ಲ.

ಇಷ್ಟೆಲ್ಲ ಜಾಣತನ ಇದ್ದರೂ ಒಂದು ವಿಷಯ ಯಂತ್ರಕ್ಕೆ ತಿಳಿಯದು: ನಿಮ್ಮ ಮನಸ್ಸು. ತಿರುವು ಮುಗಿದು ಚಕ್ರ ನೇರವಾಗುವಾಗ, ಅದರ ಜೊತೆ ತಿರುಗುವ ಸಣ್ಣ ಉಬ್ಬೊಂದು ಕಡ್ಡಿಯನ್ನು ತಳ್ಳಿ ಮೊದಲ ಜಾಗಕ್ಕೆ ತರುತ್ತದೆ. ತಾಳವಾಡಿ ಕಡೆಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳಂಥ ಕಡೆ ಚಕ್ರ ಬಹಳ ತಿರುಗುವುದರಿಂದ ಇದು ಸರಿಯಾಗಿ ನಡೆಯುತ್ತದೆ. ನೇರ ರಸ್ತೆಯಲ್ಲಿ ಸ್ವಲ್ಪವೇ ಸರಿದು ಮುಂದಿನ ಗಾಡಿಯನ್ನು ದಾಟಿದರೆ ಉಬ್ಬು ಕಡ್ಡಿಯನ್ನು ಮುಟ್ಟುವಷ್ಟು ಚಕ್ರ ತಿರುಗುವುದೇ ಇಲ್ಲ. ಇಂಡಿಕೇಟರ್ ಮಿನುಗುತ್ತಲೇ ಉಳಿಯಬಹುದು. ನಮ್ಮ ಊರುಗಳ ಹೆಚ್ಚಿನ ಬೈಕುಗಳಲ್ಲಂತೂ ಈ ಉಬ್ಬೇ ಇಲ್ಲ, ಕೈಯಿಂದಲೇ ಆಫ್ ಮಾಡಬೇಕು. ಮರೆತರೆ ಹಿಂದಿನವರು ಆ ದೀಪವನ್ನು ನಂಬುತ್ತಾರೆ: "ಇವರು ಬಲಕ್ಕೆ ಹೋಗ್ತಾರೆ" ಎಂದುಕೊಂಡು ಎಡಗಡೆಯಿಂದ ನುಗ್ಗುತ್ತಾರೆ. ಅಪಘಾತಕ್ಕೆ ಅಷ್ಟು ಸಾಕು.

ಮುಂದಿನ ಸಲ ಬೈಕಿನ ಹಿಂದೆ ಕೂತಾಗ ತಿರುವು ದಾಟಿದ ಮೇಲೆ ಕಿವಿಗೊಡಿ, ಮುಂದಿರುವ ಪುಟ್ಟ ದೀಪ ನೋಡಿ. ಇನ್ನೂ ಮಿನುಗುತ್ತಿದ್ದರೆ "ಇಂಡಿಕೇಟರ್ ಆಫ್ ಮಾಡಿ" ಅಂತ ಹೇಳಿ. ವಾಹನ ನಿಂತಿರುವಾಗ ದೊಡ್ಡವರಿಗೆ ಹೇಳಿ ಇಂಡಿಕೇಟರ್ ಹಾಕಿಸಿ, ಒಂದು ನಿಮಿಷಕ್ಕೆ ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸಿ. ಎಡ ಮತ್ತು ಬಲದ ಲೆಕ್ಕ ಬೇರೆ ಬೇರೆ ಬಂದರೆ ಕಾರಣ ಏನಿರಬಹುದು? ಉತ್ತರ ಈ ಲೇಖನದಲ್ಲೇ ಇದೆ, ಹುಡುಕಿ.