ದಿವಾಡಿಯ ಫೆರಿಯೂ ನಮ್ಮ ನದಿಯೂ

ಬೆಳಗಾವಿ, ಖಾನಾಪುರಗಳ ನಾವು ಡಿಸೆಂಬರ್ 3ರ ಹಬ್ಬಕ್ಕೆ ಹಳೇ ಗೋವೆಗೆ ಹೋಗಿ, ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಅವಶೇಷಗಳೆದುರು ಪ್ರಾರ್ಥಿಸಿ ಹಾಗೆಯೇ ಮರಳುತ್ತೇವೆ. ವೈಸರಾಯ್ ಕಮಾನು ದಾಟಿದರೆ ಫೆರಿಕಟ್ಟೆ. ಮಾಂಡೋವಿಯಾಚೆ ದಿವಾಡಿ ದ್ವೀಪ. ಕೊಂಕಣ ರೈಲು ದ್ವೀಪದ ಮೇಲೆ ಹಾಯ್ದರೂ ಅಲ್ಲಿ ನಿಲ್ಲದು; ರಸ್ತೆಗೆ ಸೇತುವೆಯಿಲ್ಲ. ವಧುವಾಗಲಿ, ಗುರುವಾಗಲಿ, ಫೆರಿಗಾಗಿ ಕಾಯಲೇಬೇಕು.

ಕೆಲವೇ ನಿಮಿಷಗಳ ಪಯಣ. ಆದರೆ ನಮ್ಮನ್ನು ದಾಟಿಸುವ ಆ ನೀರು ಯಾವುದು? ಖಾನಾಪುರದ ಭೀಮಗಡ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ! 2018ರಲ್ಲಿ ನ್ಯಾಯಮಂಡಳಿಯು ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ವ್ಯಾಜ್ಯ ಮಾತ್ರ ಮುಗಿಯಲಿಲ್ಲ. ಬಾಯಾರಿದವರು ಪಾಲು ಕೇಳುವುದು ನ್ಯಾಯವೇ. ಆದರೆ ಕೇಳುವ ಮುನ್ನ, ಪ್ರಿಯ ಓದುಗರೇ, ಒಮ್ಮೆ ಈ ಫೆರಿಯಲ್ಲಿ ನಿಂತು ನೋಡೋಣ. ಆಚೆ ದಡದಲ್ಲಿ ಕಾಯುತ್ತಿರುವವರೂ ಇದೇ ನೀರನ್ನು ನಂಬಿದವರು.