ಟ್ರೆಡ್‌ಮಿಲ್ಲಿಗೂ ಉಂಟು ಕಡಾಣಿ

ಹಳಿಯಾಳ ತಾಲ್ಲೂಕಿನ ತೇರಗಾಂವದಂಥ ಊರುಗಳಲ್ಲಿ ಗಾಡಿ ಹೂಡುವ ಮೊದಲು ಹಿರಿಯರು ಕಡಾಣಿ ಮುಟ್ಟಿ ನೋಡುತ್ತಿದ್ದರು. ಆ ಪುಟ್ಟ ಕೀಲು ಸವೆದರೆ ಚಕ್ರವೇ ಕಳಚೀತು!

ಮನೆಯ ಮಡಚುವ ಟ್ರೆಡ್‌ಮಿಲ್ಲಿಗೂ ಇದೇ ನ್ಯಾಯ. ನಿಲ್ಲಿಸಿದ ಹಲಗೆಯನ್ನು ಹಿಡಿದಿಡುವುದು ಒಂದು ಕೊಂಡಿ. ಹಲವು ಮಾದರಿಗಳಲ್ಲಿ ಅದನ್ನು ಮೆಲ್ಲಗೆ ಇಳಿಸುವುದು, ಒತ್ತಡದಲ್ಲಿ ನೈಟ್ರೋಜನ್ ತುಂಬಿದ ಗ್ಯಾಸ್ ಸ್ಪ್ರಿಂಗ್. ಹಲಗೆ ಧೊಪ್ಪನೆ ಬಿದ್ದರೆ, ಸ್ಪ್ರಿಂಗಿನಿಂದ ಎಣ್ಣೆ ಜಿನುಗಿದರೆ, ಕೊಂಡಿ ಸಡಿಲವಾದರೆ ಬಿಡಿಭಾಗ ಬದಲಿಸಲೇಬೇಕು.

ಮೊದಲು ಪ್ಲಗ್ ಕೀಳಿ. ಹಲಗೆಗೆ ಭದ್ರ ಆಸರೆ ಕೊಟ್ಟು, ಇಬ್ಬರು ಸೇರಿ ಬಿಚ್ಚಿ. ಹೊಸ ಸ್ಪ್ರಿಂಗ್ ಹಳೆಯದರಷ್ಟೇ ಉದ್ದದ್ದು, ಅಷ್ಟೇ ನ್ಯೂಟನ್ ಬಲದ್ದಾಗಿರಲಿ. 100 ನ್ಯೂಟನ್ ಎಂದರೆ ಸುಮಾರು 10 ಕಿಲೋ ಭಾರ ಎತ್ತುವಷ್ಟು ಬಲ. ಹಳೆಯದನ್ನು ಕೊರೆಯಬೇಡಿ, ಬೆಂಕಿಗೆ ಹಾಕಬೇಡಿ, ಸಿಡಿದೀತು.

ಕೊಂಡಿ ಚಿಕ್ಕದು, ನಿಜ. ಕೆಳಗೆ ಆಡುವ ಮಗುವಿನ ಬೆರಳು ಅದಕ್ಕಿಂತಲೂ ಚಿಕ್ಕದು.